ಪಿಸಿವಿ ಡಯಾಫ್ರಂ ಕಿಟ್: ಯಾರು ತಗೋಬಹುದು, ಯಾರು ಸುಮ್ನಿರಬೇಕು

ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿ ಒಳಗೆ ಸಿಗುವ ಪಿಸಿವಿ (ಎಂಜಿನ್ ಕೆಳಭಾಗಕ್ಕೆ ಇಳಿಯುವ ಗ್ಯಾಸನ್ನು ಮತ್ತೆ ಸುಡಲು ಕಳಿಸುವ ವಾಲ್ವ್) ರಿಪೇರಿ ಕಿಟ್ ಬಗ್ಗೆ ಬರೆಯುತ್ತಿದ್ದೇನೆ. ನನ್ನ ಗಾಡಿ ಸ್ಕೋಡಾ ಲಾರಾ, 1.8 ಟಿಎಸ್‌ಐ, ಅಂದರೆ ಟರ್ಬೊ ಇರುವ ಪೆಟ್ರೋಲ್ ಎಂಜಿನ್. ಕಿಟ್ ಹಾಕಿ ಒಂದು ಮಳೆಗಾಲ ಪೂರ್ತಿ ಓಡಿಸಿದ ಮೇಲೆ ಬರೆಯುತ್ತಿರುವುದು, ಪೊಟ್ಟಣ ಬಿಚ್ಚಿದ ದಿನದ ಖುಷಿಯಲ್ಲಿ ಅಲ್ಲ. 5ಕ್ಕೆ 3 ಸ್ಟಾರ್ ಕೊಡುತ್ತೇನೆ. ರಬ್ಬರ್ ಚೆನ್ನಾಗಿದೆ, ಜೊತೆಗೆ ಕೊಟ್ಟ ಮುಚ್ಚಳ ಸುಮಾರು, ಮಾರುವವರು ಕೊಟ್ಟ ವಿವರವಂತೂ ದಾರಿ ತಪ್ಪಿಸುವ ಹಾಗಿದೆ.

ಯಾಕೆ ಅಂದರೆ ಈ ಕಿಟ್ ಪಿಸಿವಿಯನ್ನು ಪೂರ್ತಿ ರಿಪೇರಿ ಮಾಡುವುದಿಲ್ಲ. ಅದರೊಳಗಿನ ಒಂದು ಭಾಗವನ್ನು ಮಾತ್ರ ಬದಲಾಯಿಸುತ್ತದೆ. ನಿಮ್ಮ ಗಾಡಿಯ ತೊಂದರೆ ಆ ಭಾಗದಲ್ಲೇ ಇದ್ದರೆ ದುಡ್ಡು ಉಳಿಯಿತು. ಇಲ್ಲದಿದ್ದರೆ ಒಂದು ಭಾನುವಾರವೂ ಹೋಯಿತು, ದುಡ್ಡೂ ಹೋಯಿತು. ಅದನ್ನು ಕಿಟ್ ತರಿಸುವ ಮೊದಲೇ ಕಂಡುಹಿಡಿಯಬಹುದು, ದೊಡ್ಡ ವಿದ್ಯೆ ಏನೂ ಬೇಡ. ಈ ರಿವ್ಯೂನಲ್ಲಿ ಮುಖ್ಯವಾಗಿ ಹೇಳಬೇಕಾದ್ದು ಅದೇ.

ಪಿಸಿವಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ. ಎಂಜಿನ್ ಎಷ್ಟೇ ಹೊಸದಾಗಿರಲಿ, ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಗ್ಯಾಸ್ ಕೆಳಗಿನ ಕ್ರ್ಯಾಂಕ್‌ಕೇಸ್‌ಗೆ, ಅಂದರೆ ಕ್ರ್ಯಾಂಕ್ ತಿರುಗುವ ಗೂಡಿಗೆ, ಇಳಿದೇ ಇಳಿಯುತ್ತದೆ. ಬ್ಲೋಬೈ ಅನ್ನುತ್ತಾರೆ. ಅದರಲ್ಲಿ ಸುಡದ ಪೆಟ್ರೋಲಿನ ಆವಿ, ನೀರಿನ ಆವಿ, ಹೊಗೆ ಎಲ್ಲಾ ಇರುತ್ತದೆ. ಅದನ್ನು ಅಲ್ಲೇ ಬಿಟ್ಟರೆ ಎರಡು ತೊಂದರೆ. ಒಳಗೆ ಒತ್ತಡ ಏರಿ ಸೀಲ್‌ಗಳಿಂದ ಆಯಿಲ್ ಹೊರಗೆ ಬರುತ್ತದೆ, ಆಯಿಲ್ ಬೇಗ ಕೆಟ್ಟು ಗಸಿ ಕಟ್ಟುತ್ತದೆ. ಹಳೆ ಕಾಲದ ಕಾರುಗಳಲ್ಲಿ ಒಂದು ಪೈಪಿನಲ್ಲಿ ಇದನ್ನು ಸೀದಾ ರಸ್ತೆಗೆ ಬಿಟ್ಟುಬಿಡುತ್ತಿದ್ದರು. ಹಳೆ ಬುಲೆಟ್ ಓಡಿಸಿದವರಿಗೆ ಆ ಡಕ್‌ಬಿಲ್ ರಬ್ಬರ್, ಪಾರ್ಕ್ ಮಾಡಿದ ಜಾಗದಲ್ಲಿ ಬೀಳುವ ಆಯಿಲ್ ಹನಿ ನೆನಪಿರುತ್ತದೆ ಅಲ್ವಾ? ಕಾರುಗಳಲ್ಲಿ ಆ ಪದ್ಧತಿಗೆ ಮೊದಲು ತಡೆ ಬಿದ್ದಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಲಾಸ್ ಏಂಜಲೀಸ್ ಹೊಗೆ ಮಂಜಿನ ಕಾಟಕ್ಕೆ 1961ರ ಮಾದರಿಯ ಕಾರುಗಳಿಂದ ಅಲ್ಲಿ ಪಿಸಿವಿ ಬಂತು. ಕೆಳಗಿನ ಗ್ಯಾಸನ್ನು ಮತ್ತೆ ಇಂಟೇಕ್‌ಗೆ (ಎಂಜಿನ್‌ಗೆ ಗಾಳಿ ಹೋಗುವ ದಾರಿಗೆ) ಎಳೆದು ಸುಟ್ಟುಬಿಡುವುದು, ಅಷ್ಟೇ ಕೆಲಸ. ಹಾಗೆ ಎಳೆಯುವಾಗ ಎಷ್ಟು ಎಳೆಯಬೇಕು ಅಂತ ಹಿಡಿತದಲ್ಲಿ ಇಡುವುದು ಈ ವಾಲ್ವ್.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಿಮ್ಮದು ಸ್ಪ್ರಿಂಗ್ ಇರುವ ಸಣ್ಣ ಪಿಸಿವಿ ವಾಲ್ವ್ ಇರುವ ಗಾಡಿ ಆದರೆ ಈ ಕಿಟ್ ನಿಮಗೆ ಬೇಡವೇ ಬೇಡ. ಟರ್ಬೊ ಇಲ್ಲದ ಹಳೆ ಪೆಟ್ರೋಲ್ ಗಾಡಿಗಳಲ್ಲಿ ಅದು ಹೆಬ್ಬೆರಳು ಗಾತ್ರದ ಸಾಮಾನು. ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸಿದರೆ ಟಕ ಟಕ ಅನ್ನಬೇಕು. ಶಬ್ದ ಬರಲಿಲ್ಲ ಅಂದರೆ ಒಳಗೆ ಅಂಟಿಕೊಂಡಿದೆ. ಕ್ಲೀನರ್ ಹೊಡೆದು ನೋಡಿ, ಆಗಲಿಲ್ಲ ಅಂದರೆ ಹೊಸದು ಹಾಕಿ. ಅದಕ್ಕೆ ರಿವ್ಯೂ ಬರೆಯುವಷ್ಟು ವಿಷಯ ಇಲ್ಲ.

ಟರ್ಬೊ ಗಾಡಿಯ ಕಥೆ ಬೇರೆ. ನನ್ನ ಎಂಜಿನ್ ಫೋಕ್ಸ್‌ವ್ಯಾಗನ್ ಗುಂಪಿನ ಇಎ888. ಇದೇ ಕುಟುಂಬದ ಎಂಜಿನ್ ಸೂಪರ್ಬ್, ಆಕ್ಟೇವಿಯಾ, ಆಡಿಗಳಲ್ಲೂ ಇದೆ. ಹಳೆ ತಲೆಮಾರಿನದ್ದರಲ್ಲಿ ಪಿಸಿವಿ ಅಂದರೆ ಹೆಡ್ ಕವರ್ ಮೇಲೆ ಕೂತಿರುವ ಅಂಗೈ ಅಗಲದ ಕಪ್ಪು ಪ್ಲಾಸ್ಟಿಕ್ ಡಬ್ಬ. ಟರ್ಬೊ ಇರುವುದರಿಂದ ಇದಕ್ಕೆ ಎರಡು ದಾರಿ ಬೇಕು. ಐಡ್ಲಿಂಗ್‌ನಲ್ಲಿ, ಮೆಲ್ಲಗೆ ಹೋಗುವಾಗ ಇಂಟೇಕ್ ಮ್ಯಾನಿಫೋಲ್ಡ್‌ನಲ್ಲಿ ವ್ಯಾಕ್ಯೂಮ್ ಇರುತ್ತದೆ, ಗ್ಯಾಸ್ ಅಲ್ಲಿಗೆ ಹೋಗುತ್ತದೆ. ಆಕ್ಸಿಲರೇಟರ್ ಒತ್ತಿ ಟರ್ಬೊ ಊದಲು ಶುರು ಮಾಡಿದರೆ ಮ್ಯಾನಿಫೋಲ್ಡ್‌ನಲ್ಲಿ ಒತ್ತಡ ಏರುತ್ತದೆ. ಆಗ ಆ ದಾರಿ ಮುಚ್ಚಿಕೊಂಡು, ಗ್ಯಾಸ್ ಇನ್ನೊಂದು ಪೈಪಿನಲ್ಲಿ ಟರ್ಬೊದ ಬಾಯಿಗೆ ಹೋಗಬೇಕು. ಈ ದಾರಿ ಬದಲಾಯಿಸುವುದು ಚೆಕ್ ವಾಲ್ವ್‌ಗಳು, ಅಂದರೆ ಗಾಳಿಯನ್ನು ಒಂದೇ ಕಡೆಗೆ ಬಿಡುವ ವಾಲ್ವ್‌ಗಳು. ಎಳೆತ ಜಾಸ್ತಿ ಆಗದ ಹಾಗೆ ನೋಡಿಕೊಳ್ಳುವುದು ಡಯಾಫ್ರಂ, ಅಂದರೆ ದುಂಡಗಿನ ತೆಳು ರಬ್ಬರ್, ಅದರ ಕೆಳಗೆ ಒಂದು ಸ್ಪ್ರಿಂಗ್, ಮೇಲೆ ಮುಚ್ಚಳ. ಮುಚ್ಚಳದಲ್ಲಿ ಹೊರಗಿನ ಗಾಳಿ ತಾಗಲು ಒಂದು ಸಣ್ಣ ತೂತು.

ಕಿಟ್‌ನಲ್ಲಿ ಬರುವುದು ಡಯಾಫ್ರಂ, ಸ್ಪ್ರಿಂಗ್, ಮುಚ್ಚಳ. ಚೆಕ್ ವಾಲ್ವ್ ಇಲ್ಲ. ಕೆಳಗೆ ಕೂರುವ ಗ್ಯಾಸ್ಕೆಟ್ ಇಲ್ಲ. ಆದರೂ ಮಾರಾಟದ ಪುಟದಲ್ಲಿ ದಪ್ಪ ಅಕ್ಷರದಲ್ಲಿ 'ಸಂಪೂರ್ಣ ಪಿಸಿವಿ ರಿಪೇರಿ'. ಸಂಪೂರ್ಣ ಅಂತೆ!

ಈಗ ಡಯಾಫ್ರಂ ಹರಿದಿದೆ ಅಂತ ತಿಳಿಯುವುದು ಹೇಗೆ? ಮೊದಲ ಗುರುತು ಸಿಳ್ಳೆ. ಗಾಡಿ ನಿಂತಿದ್ದಾಗ ಬಾನೆಟ್ ಕಡೆಯಿಂದ ಕುಂಯ್ ಅಂತ ಸಣ್ಣಗೆ ಒಂದೇ ಸಮ ಬರುತ್ತದೆ. ಎಸಿ ಬೆಲ್ಟ್ ಇರಬೇಕು, ಬೇರಿಂಗ್ ಇರಬೇಕು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸಿಳ್ಳೆ ಬರುತ್ತಿರುವಾಗಲೇ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಸ್ವಲ್ಪ ಮೇಲೆ ಎಳೆಯಿರಿ. ಸಿಳ್ಳೆ ತಟ್ಟನೆ ನಿಂತರೆ ಬೆಲ್ಟೂ ಅಲ್ಲ, ಬೇರಿಂಗೂ ಅಲ್ಲ. ಕ್ರ್ಯಾಂಕ್‌ಕೇಸ್‌ನಲ್ಲಿ ವ್ಯಾಕ್ಯೂಮ್ ಜಾಸ್ತಿಯಾಗಿ ಯಾವುದೋ ಸಂದಿಯಿಂದ ಗಾಳಿ ಒಳಗೆ ನುಗ್ಗುತ್ತಿದೆ ಅಂತ ಅರ್ಥ.

ಎರಡನೆಯದು ಆಯಿಲ್ ಕ್ಯಾಪ್. ಎಂಜಿನ್ ಐಡ್ಲಿಂಗ್‌ನಲ್ಲಿ ಇರುವಾಗ ಕ್ಯಾಪ್ ತಿರುಗಿಸಿ ಎತ್ತಿ ನೋಡಿ. ಚೆನ್ನಾಗಿರುವ ಗಾಡಿಯಲ್ಲಿ ಸ್ವಲ್ಪ ಎಳೆತ ಇರುತ್ತದೆ, ಕ್ಯಾಪ್ ಎದ್ದು ಬರುತ್ತದೆ. ನನ್ನದರಲ್ಲಿ ಕೆಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ ಅಂಟಿಕೊಂಡಿತ್ತು. ಬಲ ಹಾಕಿ ಎತ್ತಿದಾಗ ಎಂಜಿನ್ ಗಡಗಡ ಅಂದು ಇನ್ನೇನು ಆಫ್ ಆಗುವ ಹಾಗಾಯಿತು.

ಮೂರನೆಯದು ನನಗೆ ಎಲ್ಲಕ್ಕಿಂತ ನಂಬಿಕೆ ಇರುವ ಪರೀಕ್ಷೆ. ಮುಚ್ಚಳದ ಆ ಸಣ್ಣ ತೂತಿನ ಮೇಲೆ ಬೆರಳು ಇಡಿ. ಡಯಾಫ್ರಂ ಗಟ್ಟಿ ಇದ್ದರೆ ಅಲ್ಲಿ ನಿರಂತರವಾಗಿ ಗಾಳಿ ಓಡಾಡಬಾರದು. ಬೆರಳಿನ ತುದಿಯನ್ನು ಒಳಗೆ ಎಳೆದ ಹಾಗೆ ಅನಿಸಿ, ಐಡ್ಲಿಂಗ್ ಶಬ್ದವೂ ಬದಲಾದರೆ ಇನ್ನು ಅನುಮಾನ ಬೇಡ. ರಬ್ಬರ್ ಹರಿದಿದೆ.

ಗಾಡಿಯ ಕಂಪ್ಯೂಟರ್‌ನಿಂದ ತೊಂದರೆಯ ಕೋಡ್ ಓದುವ ಸ್ಕ್ಯಾನರ್ ಇರುವವರಿಗೆ ಇನ್ನೂ ಸುಲಭ. ನನ್ನ ಹತ್ತಿರ ಇರುವುದು ಸಾಮಾನ್ಯ ಇಎಲ್‌ಎಂ327 ಬ್ಲೂಟೂತ್, ಫೋನಿನಲ್ಲಿ ಟಾರ್ಕ್ ಆ್ಯಪ್. ಬಂದಿದ್ದ ಕೋಡ್ ಪಿ2187, ಅಂದರೆ ಐಡ್ಲಿಂಗ್‌ನಲ್ಲಿ ಮಿಶ್ರಣ ಲೀನ್ ಆಗಿದೆ, ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಕೆಲವರಿಗೆ ಪಿ0171 (ಅದೂ ಲೀನ್ ಕೋಡೇ), ಪಿ0507 (ಐಡ್ಲಿಂಗ್ ವೇಗ ಜಾಸ್ತಿ) ಸಹ ಬರುತ್ತದೆ. ಆದರೆ ಕೋಡ್‌ಗಿಂತ ಫ್ಯೂಯಲ್ ಟ್ರಿಮ್ ನೋಡಿ, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ. ಲಾಂಗ್ ಟರ್ಮ್ ಟ್ರಿಮ್ ಐಡ್ಲಿಂಗ್‌ನಲ್ಲಿ +18 ತೋರಿಸುತ್ತಿತ್ತು. ಅಳತೆಗೆ ಸಿಗದ ಗಾಳಿ ಎಲ್ಲಿಂದಲೋ ಬರುತ್ತಿದೆ, ಅದಕ್ಕೆ ಕಂಪ್ಯೂಟರ್ ಅಷ್ಟು ಪೆಟ್ರೋಲ್ ಜಾಸ್ತಿ ಸೇರಿಸುತ್ತಿದೆ. 2500 ಆರ್‌ಪಿಎಂಗೆ ಏರಿಸಿದರೆ ಅದೇ ಟ್ರಿಮ್ ಹೆಚ್ಚು ಕಡಿಮೆ ಸರಿಯಾದ ಮಟ್ಟಕ್ಕೆ ಇಳಿಯುತ್ತಿತ್ತು. ಗಾಳಿ ಸೋರಿಕೆಯ ಗುಣವೇ ಅದು. ಎಂಜಿನ್ ಕಡಿಮೆ ಗಾಳಿ ಎಳೆಯುವಾಗ ಸಣ್ಣ ತೂತೂ ದೊಡ್ಡದು, ಜಾಸ್ತಿ ಎಳೆಯುವಾಗ ಅದು ಲೆಕ್ಕಕ್ಕೇ ಇಲ್ಲ. ಟ್ರಿಮ್ ಎಲ್ಲಾ ವೇಗದಲ್ಲೂ ಜಾಸ್ತಿಯೇ ಇದ್ದರೆ ಪಿಸಿವಿ ಬಿಟ್ಟು ಪೆಟ್ರೋಲ್ ಪಂಪ್, ಇಂಜೆಕ್ಟರ್, ಏರ್ ಸೆನ್ಸರ್ ಕಡೆ ನೋಡಬೇಕು.

ಇದನ್ನೆಲ್ಲಾ ಇಷ್ಟು ಉದ್ದ ಬರೆಯಲು ಕಾರಣ ಇದೆ. ನಾನು ಮೊದಲು ಗಾಡಿ ತೋರಿಸಿದ ವರ್ಕ್‌ಶಾಪ್‌ನಲ್ಲಿ (ಹೆಸರು ಬೇಡ) ಬಾನೆಟ್ ತೆಗೆಯುವ ಮೊದಲೇ ಇಂಜೆಕ್ಟರ್ ಕ್ಲೀನಿಂಗ್, ಥ್ರಾಟಲ್ ಕ್ಲೀನಿಂಗ್, ಸ್ಪಾರ್ಕ್ ಪ್ಲಗ್ ಅಂತ ಉದ್ದದ ಎಸ್ಟಿಮೇಟ್ ಬರೆದುಕೊಟ್ಟರು. "ಸಾರ್, ಟಿಎಸ್‌ಐ ಅಂದ್ರೆ ಖರ್ಚು ಇದ್ದಿದ್ದೇ" ಅಂದರು. ಆಯಿಲ್ ಕ್ಯಾಪ್ ಎತ್ತಿ ನೋಡಲು ಎರಡು ಸೆಕೆಂಡ್ ಸಾಕಿತ್ತು. ಅದನ್ನು ಮಾಡಲಿಲ್ಲ.

ಇದನ್ನು ಹಾಗೇ ಬಿಟ್ಟರೆ ಏನಾಗುತ್ತದೆ? ಗಾಡಿ ಓಡುತ್ತದೆ, ಅದಕ್ಕೇ ಜನ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಕ್ರ್ಯಾಂಕ್‌ನ ಹಿಂದಿನ ತುದಿಯಲ್ಲಿ ಒಂದು ದೊಡ್ಡ ಸೀಲ್ ಇದೆ, ರಿಯರ್ ಮೇನ್ ಸೀಲ್. ಒಳಗಿನ ಎಳೆತಕ್ಕೆ ಅದರ ತುಟಿ ಒಳಗೆ ಸೆಳೆದುಕೊಂಡು ಸವೆಯುತ್ತದೆ, ಆಮೇಲೆ ಆಯಿಲ್ ಸೋರುತ್ತದೆ. ಸೀಲ್ ಬೆಲೆ ಏನೂ ಹೆಚ್ಚಲ್ಲ. ಆದರೆ ಅದನ್ನು ಮುಟ್ಟಬೇಕು ಅಂದರೆ ಗೇರ್‌ಬಾಕ್ಸ್ ಇಳಿಸಬೇಕು. ಡಿಎಸ್‌ಜಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಗಾಡಿ ಇಟ್ಟುಕೊಂಡವರಿಗೆ ಗೇರ್‌ಬಾಕ್ಸ್ ಇಳಿಸುವುದು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಖರೀದಿ. ಮೊದಲು ಜೆ.ಸಿ. ರಸ್ತೆಗೆ ಹೋದೆ. ಬೆಂಗಳೂರಿನಲ್ಲಿ ಕಾರಿನ ಸ್ಪೇರ್ ಅಂದರೆ ಕಾಲು ತಾನಾಗಿ ಆ ಕಡೆ ಹೋಗುತ್ತದೆ. ಗಾಡಿ ತೆಗೆದುಕೊಂಡು ಹೋಗಬೇಡಿ, ಪಾರ್ಕಿಂಗ್ ಸಿಗಲ್ಲ, ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು ನಡೆಯಿರಿ. ಹಳೆ ಪಾರ್ಟ್ ಫೋಟೊ, ಅದರ ಮೇಲಿನ ನಂಬರ್, ಗಾಡಿಯ ಚಾಸಿ ನಂಬರ್ ಮೂರೂ ಫೋನಿನಲ್ಲಿ ಇರಲಿ. ಈ ಪಿಸಿವಿ ಹಲವು ಸಲ ಬದಲಾಗಿ ಬಂದಿರುವ ಪಾರ್ಟ್. ನಂಬರ್ ಶುರುವಾಗುವುದು 06ಎಚ್ 103 495 ಅಂತ, ಕೊನೆಯ ಅಕ್ಷರ ಮಾತ್ರ ಬೇರೆ ಬೇರೆ. ಕೌಂಟರ್‌ನಲ್ಲಿದ್ದವರು ನಂಬರ್ ನೋಡಿದ ಕೂಡಲೇ ಹೇಳಿದರು: "ಬರೀ ರಬ್ಬರ್ ಬರಲ್ಲ ಸಾರ್, ಫುಲ್ ಸೆಟ್ಟೇ ತಗೋಬೇಕು. ಒರಿಜಿನಲ್ ಬೇಕಾ, ಇಂಪೋರ್ಟೆಡ್ ಬೇಕಾ?" ಒರಿಜಿನಲ್ ಬೆಲೆ ಕಿಟ್‌ನ ಏಳೆಂಟು ಪಟ್ಟು. ಇಂಪೋರ್ಟೆಡ್ ಅಂತ ತೋರಿಸಿದ್ದರ ಮೇಲೆ ಯಾವ ದೇಶದ ಹೆಸರೂ ಇರಲಿಲ್ಲ. ಪ್ಲಾಸ್ಟಿಕ್ ಅಂಚಿನಲ್ಲಿ ಅಚ್ಚಿನ ಚೂರು ಹಾಗೇ ಉಳಿದಿತ್ತು. ಅದಕ್ಕಿಂತ ನನ್ನ ಹಳೆ ಡಬ್ಬಕ್ಕೆ ಹೊಸ ರಬ್ಬರ್ ಹಾಕುವುದೇ ವಾಸಿ ಅನಿಸಿತು. ಹಾಗೆ ಆನ್‌ಲೈನ್‌ನಲ್ಲಿ ಕಿಟ್ ತರಿಸಿದೆ.

ಬಂದ ಪೊಟ್ಟಣದಲ್ಲಿ ಒಂದು ಜಿಪ್ ಕವರ್, ಅದರೊಳಗೆ ಮೂರು ಸಾಮಾನು. ಕಾಗದ ಇಲ್ಲ, ಯಾವ ಕಡೆ ಮೇಲೆ ಬರಬೇಕು ಅಂತ ಚಿತ್ರ ಇಲ್ಲ, ತಯಾರಿಸಿದವರ ಹೆಸರೂ ಇಲ್ಲ. ರಬ್ಬರ್ ಮೆತ್ತಗಿತ್ತು, ದಪ್ಪ ಎಲ್ಲಾ ಕಡೆ ಒಂದೇ ಸಮ, ಬೆಳಕಿಗೆ ಹಿಡಿದರೆ ಗುಳ್ಳೆ ಇಲ್ಲ. ಅದು ಒಳ್ಳೆಯದೇ. ಮಾರುವವರು ಫ್ಲೋರೋಸಿಲಿಕೋನ್ ಅಂತ ಬರೆದಿದ್ದಾರೆ. ಮಾಮೂಲಿ ಸಿಲಿಕೋನ್ ರಬ್ಬರ್ ಬಿಸಿ ತಡೆಯುತ್ತದೆ, ಆದರೆ ಪೆಟ್ರೋಲ್ ಆವಿ, ಆಯಿಲ್ ತಾಗಿದರೆ ಊದಿಕೊಳ್ಳುತ್ತದೆ. ಫ್ಲೋರೋಸಿಲಿಕೋನ್ ಅದನ್ನು ತಾಳುತ್ತದೆ. ಕಣ್ಣಲ್ಲಿ ನೋಡಿ ಯಾವುದು ಅಂತ ಹೇಳಲು ಆಗುವುದಿಲ್ಲ. ಹಾಗಾಗಿ ಕಿಟ್‌ನಲ್ಲಿ ಹೆಚ್ಚುವರಿ ರಬ್ಬರ್ ಇದ್ದರೆ ಅದನ್ನು, ಇಲ್ಲವಾದರೆ ಹಳೆ ಕಿಟ್‌ನ ತುಂಡನ್ನು, ಒಂದು ವಾರ ಪೆಟ್ರೋಲ್ ಬೆರೆಸಿದ ಎಂಜಿನ್ ಆಯಿಲ್‌ನಲ್ಲಿ ಮುಳುಗಿಸಿಟ್ಟು ಅಳತೆ ನೋಡಿ ಅಂತ ಒಬ್ಬ ಮೆಕ್ಯಾನಿಕ್ ಅಣ್ಣ ಹೇಳಿದರು. ನನ್ನ ಹತ್ತಿರ ಇದ್ದದ್ದು ಒಂದೇ. ಮುಳುಗಿಸಲು ಮನಸ್ಸಾಗಲಿಲ್ಲ, ಗಾಡಿಗೇ ಹಾಕಿದೆ.

ಕೆಲಸ ಕಷ್ಟದ್ದಲ್ಲ. ಬೇಕಾದ್ದು ಟಿ30 ಟಾರ್ಕ್ಸ್ ಬಿಟ್, ಸಣ್ಣ ರ್‍ಯಾಚೆಟ್, ಚಪ್ಪಟೆ ಸ್ಕ್ರೂಡ್ರೈವರ್, ನೂಲು ಬಿಡದ ಬಟ್ಟೆ. ಬಿಟ್ ಅಗ್ಗದ್ದು ತಗೋಬೇಡಿ. ಅದರ ಮೂಲೆ ಸವೆದು ಸ್ಕ್ರೂ ತಲೆ ದುಂಡಗಾದರೆ ಅರ್ಧ ಗಂಟೆಯ ಕೆಲಸ ಅರ್ಧ ದಿನ ಹಿಡಿಯುತ್ತದೆ. ಎಸ್.ಜೆ.ಪಿ. ರಸ್ತೆಯ ಟೂಲ್ ಅಂಗಡಿಗಳಲ್ಲಿ ಒಳ್ಳೆಯದೇ ಸಿಗುತ್ತದೆ. ಎಂಜಿನ್ ಪೂರ್ತಿ ತಣ್ಣಗಾಗಲಿ. ಮೇಲಿನ ಪ್ಲಾಸ್ಟಿಕ್ ಕವರ್ ಮೇಲಕ್ಕೆ ಎಳೆದರೆ ಬರುತ್ತದೆ. ಪಿಸಿವಿಗೆ ಸೇರಿದ ಪೈಪ್‌ಗಳನ್ನು ಬಿಡಿಸುವಾಗ ಅವಸರ ಬೇಡ, ಹಳೆ ಪ್ಲಾಸ್ಟಿಕ್ ಒಣಗಿ ಹಪ್ಪಳ ಆಗಿರುತ್ತದೆ. ಸ್ಕ್ರೂ ಬಿಚ್ಚಿ ಡಬ್ಬ ಎತ್ತಿದ ಕೂಡಲೇ ಕೆಳಗೆ ತೆರೆದುಕೊಳ್ಳುವ ಬಾಯಿಗೆ ಬಟ್ಟೆ ಮುಚ್ಚಿ. ಒಂದು ಸ್ಕ್ರೂ ಒಳಗೆ ಬಿದ್ದರೆ ಮುಂದಿನದ್ದು ಬೇರೆಯೇ ರಿವ್ಯೂ.

ಡಬ್ಬ ಕೈಗೆ ಬಂದ ಮೇಲೆ, ಮುಚ್ಚಳ ಮುಟ್ಟುವ ಮೊದಲು, ಚೆಕ್ ವಾಲ್ವ್ ನೋಡಿ. ಮ್ಯಾನಿಫೋಲ್ಡ್‌ಗೆ ಹೋಗುವ ಮೂತಿಯನ್ನು ಚೆನ್ನಾಗಿ ಒರೆಸಿ ಒಂದು ತುಂಡು ಟ್ಯೂಬ್ ಸಿಕ್ಕಿಸಿ ಬಾಯಿಂದ ಊದಿ. ಗಾಳಿ ಒಳಗೆ ಹೋಗಬಾರದು. ಊದಿದ್ದು ಸಲೀಸಾಗಿ ಹೋದರೆ ಅದರ ರಬ್ಬರ್ ರೆಕ್ಕೆ ಕೆಟ್ಟಿದೆ. ಅಂಥ ಡಬ್ಬಕ್ಕೆ ಈ ಕಿಟ್ ಹಾಕುವುದು ದಂಡ. ಟರ್ಬೊ ಊದಿದಾಗಲೆಲ್ಲಾ ಒತ್ತಡ ಕ್ರ್ಯಾಂಕ್‌ಕೇಸ್‌ಗೆ ಇಳಿಯುತ್ತದೆ, ಡಿಪ್‌ಸ್ಟಿಕ್ ಮೇಲೆ ಎದ್ದಿರುತ್ತದೆ, ಕಂಡ ಕಂಡ ಸೀಲಿನಿಂದ ಆಯಿಲ್ ಒಸರುತ್ತದೆ. ಪೂರ್ತಿ ಅಸೆಂಬ್ಲಿ ತಗೊಳ್ಳಿ, ಬೇರೆ ದಾರಿ ಇಲ್ಲ. ನನ್ನದರಲ್ಲಿ ರೆಕ್ಕೆ ಗಟ್ಟಿ ಇತ್ತು.

ಮುಚ್ಚಳದ ಸುತ್ತ ಸಣ್ಣ ಪ್ಲಾಸ್ಟಿಕ್ ಲಾಕ್‌ಗಳಿವೆ. ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ ಒಂದೊಂದೇ ಎತ್ತಬೇಕು. ಬಿಸಿ ಮಾಡಿಯೂ ಎರಡು ಮುರಿದವು. ಅಷ್ಟು ವರ್ಷ ಎಂಜಿನ್ ಮೇಲೆ ಬೆಂದ ಪ್ಲಾಸ್ಟಿಕ್, ಅದರ ತಪ್ಪೇನೂ ಇಲ್ಲ. ಒಳಗಿನ ಡಯಾಫ್ರಂ ನೋಡಿದರೆ ಮೊದಲಿಗೆ ಏನೂ ಆಗಿಲ್ಲದ ಹಾಗಿತ್ತು. ಕಂದು ಬಣ್ಣದ ಆಯಿಲ್ ಪದರ ಒರೆಸಿ, ಎರಡು ಬೆರಳಲ್ಲಿ ಅಂಚನ್ನು ಮೆಲ್ಲಗೆ ಎಳೆದು ಕಿಟಕಿಯ ಬೆಳಕಿಗೆ ಹಿಡಿದಾಗ ಕಂಡಿತು. ರಬ್ಬರ್ ಮಡಿಚುವ ಗೆರೆಯ ಉದ್ದಕ್ಕೂ ಉಗುರಿನ ಆಕಾರದ ಸೀಳು. ಬಿಟ್ಟರೆ ಎರಡು ಅಂಚೂ ಕೂಡಿಕೊಂಡು ಮಾಯ. ಆದ್ದರಿಂದ ಎಳೆಯದೆ ನೋಡಿ ಚೆನ್ನಾಗಿದೆ ಅಂತ ತೀರ್ಮಾನ ಮಾಡಬೇಡಿ.

ಹೊಸ ರಬ್ಬರ್ ಕೂರಿಸುವಾಗ ಅದರ ಹೊರ ಅಂಚು ಡಬ್ಬದ ಸುತ್ತಿನ ಕಾಲುವೆಯಲ್ಲಿ ಎಲ್ಲಾ ಕಡೆ ಸಮನಾಗಿ ಇಳಿಯಬೇಕು. ಸ್ಪ್ರಿಂಗ್ ನಡುವೆ ನೆಟ್ಟಗೆ ನಿಲ್ಲಬೇಕು. ಹಳೆಯದನ್ನು ತೆಗೆಯುವಾಗಲೇ ಒಂದು ಫೋಟೊ ತೆಗೆದಿಟ್ಟುಕೊಂಡರೆ ಯಾವ ಕಡೆ ಮೇಲೆ ಅನ್ನುವ ಗೊಂದಲ ಇರಲ್ಲ. ಕಾರ್ಬ್ ಕ್ಲೀನರ್ ಅನ್ನು ಡಬ್ಬದ ಒಳಗೆ ಹೊಡೆಯುವುದಾದರೆ ರಬ್ಬರ್ ಹಾಕುವ ಮೊದಲೇ ಹೊಡೆಯಿರಿ, ಚೆಕ್ ವಾಲ್ವ್ ರೆಕ್ಕೆಗೆ ತಾಗದ ಹಾಗೆ. ನಾನು ಬಟ್ಟೆಯಲ್ಲಿ ಒರೆಸಿದ್ದು ಅಷ್ಟೇ.

ಕಿಟ್‌ನ ನಿಜವಾದ ದೋಷ ಇಲ್ಲಿ ಸಿಕ್ಕಿತು. ಹೊಸ ಮುಚ್ಚಳ ಕೂತಿತು, ಆದರೆ ಕಟ್ ಅಂತ ಲಾಕ್ ಆಗಲಿಲ್ಲ. ಒಂದು ಪಕ್ಕ ಒತ್ತಿದರೆ ಇನ್ನೊಂದು ಪಕ್ಕ ಏಳುತ್ತಿತ್ತು. ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸ ಇರಬೇಕು. ಹಳೆ ಮುಚ್ಚಳವನ್ನೇ ಹಾಕೋಣ ಅಂದರೆ ಲಾಕ್ ಮುರಿದಿದೆ. ಕೊನೆಗೆ ಹೊಸ ಮುಚ್ಚಳವನ್ನೇ ಒತ್ತಿ ಹಿಡಿದು, ಬಿಸಿ ತಾಳುವ ಎಪಾಕ್ಸಿ ಅಂಟನ್ನು ಹೊರ ಅಂಚಿಗೆ ನಾಲ್ಕು ಕಡೆ ಚುಕ್ಕೆ ಇಟ್ಟು ರಾತ್ರಿಯೆಲ್ಲಾ ಒಣಗಲು ಬಿಟ್ಟೆ. ಗಾಳಿಯ ತೂತಿಗೆ ಎಪಾಕ್ಸಿ ಹೋಗಬಾರದು, ಹೋದರೆ ಡಯಾಫ್ರಂ ಆಡುವುದಿಲ್ಲ. ಮಾರಿದವರಿಗೆ ಫೋಟೊ ಸಮೇತ ಬರೆದರೆ "ಸರಿಯಾಗಿ ಒತ್ತಿ ಸರ್" ಅಂತ ಉತ್ತರ. ಇನ್ನೊಂದು ಸಲ ಕೇಳಿದ್ದಕ್ಕೆ ಉತ್ತರವೇ ಇಲ್ಲ. ಎರಡು ಸ್ಟಾರ್ ಕಡಿಮೆಯಾಗಿದ್ದು ಇದಕ್ಕೆ.

ಕೆಳಗಿನ ಗ್ಯಾಸ್ಕೆಟ್ ಬಗ್ಗೆಯೂ ಒಂದು ಮಾತು. ಅದು ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ ಇದ್ದ ಹಾಗೆ, ಹಳತಾದರೆ ಚಪ್ಪಟೆಯಾಗಿ ಗಟ್ಟಿಯಾಗುತ್ತದೆ, ನೋಡಲು ಚೆನ್ನಾಗಿದ್ದರೂ ಹಿಡಿಯುವುದಿಲ್ಲ. ಕಿಟ್‌ನಲ್ಲಿ ಇಲ್ಲವಾದ್ದರಿಂದ ಬೇರೆ ತರಿಸಿ. ಸಿಲಿಕೋನ್ ಪೇಸ್ಟ್ ಬಳಿದು ಹಳೆಯದನ್ನೇ ಕೂರಿಸುವವರಿದ್ದಾರೆ. ಒಣಗಿದ ಪೇಸ್ಟ್ ಚೂರು ಒಳಗೆ ಬಿದ್ದು ಆಯಿಲ್ ದಾರಿಗೆ ಸೇರುವುದು ಬೇಡ. ಸ್ಕ್ರೂಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಸುಮಾರು 10 ನ್ಯೂಟನ್ ಮೀಟರ್ ಸಾಕು. ಟಾರ್ಕ್ ರೆಂಚ್ ಇಲ್ಲದಿದ್ದರೆ ರ್‍ಯಾಚೆಟ್‌ನ ತಲೆ ಹತ್ತಿರ ಹಿಡಿದು ಬಿಗಿ ಮಾಡಿ, ಉದ್ದದ ಹಿಡಿ ಹಿಡಿದು ಗುದ್ದಾಡಬೇಡಿ.

ಸ್ಟಾರ್ಟ್ ಮಾಡಿದ ಕೂಡಲೇ ಗೊತ್ತಾಗಿದ್ದು ಸಿಳ್ಳೆ ಇಲ್ಲ ಅಂತ. ಆಯಿಲ್ ಕ್ಯಾಪ್ ಸ್ವಲ್ಪ ಎಳೆತದೊಂದಿಗೆ ಎದ್ದು ಬಂತು. ಕೋಡ್ ಅಳಿಸಿ ಒಂದಷ್ಟು ಓಡಿಸಿದ ಮೇಲೆ ಐಡ್ಲಿಂಗ್‌ನ ಲಾಂಗ್ ಟರ್ಮ್ ಟ್ರಿಮ್ +3ಕ್ಕೆ ಬಂತು, ಈಗಲೂ ಅಲ್ಲೇ ಇದೆ. ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್‌ನಲ್ಲಿ ಬರುತ್ತಿದ್ದ ನಡುಕ ಹೋಯಿತು. ಮೈಲೇಜ್ ಏರಿತಾ ಅಂತ ಕೇಳಿದರೆ, ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಓಡುವ ಗಾಡಿಗೆ ಆ ಲೆಕ್ಕ ಇಡುವುದೇ ಕಷ್ಟ. ಪಿಕಪ್ ಮೊದಲಿನ ಹಾಗೇ ಇದೆ. ಟರ್ಬೊ ಊದುವಾಗ ಡಯಾಫ್ರಂ ಸೀಳಿನ ಪಾತ್ರ ಕಡಿಮೆ, ಆದ್ದರಿಂದ 'ಪವರ್ ಹೆಚ್ಚುತ್ತದೆ' ಅಂತ ಮಾರಾಟದ ಪುಟದಲ್ಲಿ ಬರೆದಿದ್ದನ್ನು ನಂಬಬೇಡಿ.

ಇನ್ನೂ ಎರಡು ವಿಷಯಕ್ಕೆ ಇದರಿಂದ ಪವಾಡ ನಿರೀಕ್ಷಿಸಬೇಡಿ. ಒಂದು, ಆಯಿಲ್ ಕುಡಿಯುವುದು. ಪಿಸಿವಿ ಕೆಟ್ಟರೆ ಆಯಿಲ್ ಸ್ವಲ್ಪ ಜಾಸ್ತಿ ಖರ್ಚಾಗುವುದು ನಿಜ. ಆದರೆ ಸರ್ವಿಸ್ ನಡುವೆ ಲೀಟರ್‌ಗಟ್ಟಲೆ ಸುರಿಯುತ್ತಿದ್ದೀರಿ ಅಂದರೆ ಅದು ರಿಂಗ್ ಮಟ್ಟದ ವಿಷಯ, ರಬ್ಬರ್ ಬದಲಾಯಿಸಿದರೆ ಹೋಗಲ್ಲ. ಎರಡು, ಇಂಟೇಕ್ ವಾಲ್ವ್ ಮೇಲೆ ಕಟ್ಟಿದ ಮಸಿ. ಈ ಎಂಜಿನ್‌ನಲ್ಲಿ ಪೆಟ್ರೋಲ್ ಸೀದಾ ಸಿಲಿಂಡರ್ ಒಳಗೇ ಚಿಮ್ಮುತ್ತದೆ, ವಾಲ್ವ್ ಬೆನ್ನು ತೊಳೆಯಲು ಅಲ್ಲಿ ಪೆಟ್ರೋಲೇ ಇಲ್ಲ. ಪಿಸಿವಿಯಿಂದ ಬರುವ ಆಯಿಲ್ ಆವಿ ಅಲ್ಲಿ ಕೂತು ಗಟ್ಟಿಯಾಗುತ್ತದೆ. ಕಟ್ಟಿದ್ದನ್ನು ಮ್ಯಾನಿಫೋಲ್ಡ್ ಬಿಚ್ಚಿಯೇ ತೆಗೆಯಬೇಕು.

ಮಲೆನಾಡು, ಕೊಡಗಿನ ಕಡೆಯವರು ಆಯಿಲ್ ಕ್ಯಾಪ್ ಅಡಿಯಲ್ಲಿ ಬೆಣ್ಣೆಯಂಥ ಬಿಳಿ ನೊರೆ ನೋಡಿ ಹೆದರಿ ಈ ಕಿಟ್ ತರಿಸುವುದುಂಟು. ನನ್ನ ಭಾವನವರೂ ಮಡಿಕೇರಿಯಿಂದ ಫೋನ್ ಮಾಡಿ ಕೇಳಿದರು. ಮಳೆ, ಚಳಿಯಲ್ಲಿ ಮನೆಯಿಂದ ಪೇಟೆಗೆ ಎರಡು ಕಿಲೋಮೀಟರ್ ಹೋಗಿ ಬಂದರೆ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗಿನ ನೀರಿನ ಆವಿ ಹೋಗದೆ ಆಯಿಲ್ ಜೊತೆ ಸೇರಿ ಹಾಗಾಗುತ್ತದೆ. ಕೂಲಂಟ್ ಕಡಿಮೆಯಾಗುತ್ತಿದೆಯಾ ನೋಡಿ. ಇಲ್ಲ ಅಂದರೆ ಒಮ್ಮೆ ಮೈಸೂರಿಗೆ ಹೋಗಿ ಬನ್ನಿ ಅಂದೆ. ಹೋಗಿ ಬಂದರು, ನೊರೆ ಹೋಯಿತು, ಕಿಟ್ ದುಡ್ಡು ಉಳಿಯಿತು.

ಹಾಗಾದರೆ ಯಾರು ತಗೋಬೇಕು? ಹಳೆ ಟಿಎಸ್‌ಐ, ತೂತಿನ ಮೇಲೆ ಬೆರಳಿಟ್ಟಾಗ ಎಳೆತ ಇದೆ, ಚೆಕ್ ವಾಲ್ವ್ ಊದಿದರೆ ಹಿಡಿಯುತ್ತದೆ, ಇಷ್ಟು ಇದ್ದರೆ ತಗೊಳ್ಳಿ. ಆದರೆ ಮುಚ್ಚಳದ ಗುಣಮಟ್ಟ ಗೊತ್ತಿರುವ ಮಾರಾಟಗಾರರಿಂದ ತಗೊಳ್ಳಿ, ವಾಪಸ್ ತಗೊಳ್ಳುವವರಾದರೆ ಇನ್ನೂ ಒಳ್ಳೆಯದು. ಗಾಡಿ ಮಾರುವ ಯೋಚನೆ ಇಲ್ಲ, ಇನ್ನೂ ತುಂಬಾ ವರ್ಷ ಓಡಿಸುತ್ತೇನೆ ಅನ್ನುವವರು ಕೈ ಬಿಗಿ ಮಾಡದೆ ಒರಿಜಿನಲ್ ಅಸೆಂಬ್ಲಿಗೇ ಹೋಗಿ, ಅದರಲ್ಲಿ ಚೆಕ್ ವಾಲ್ವ್ ಕೂಡ ಹೊಸದಾಗಿ ಬರುತ್ತದೆ. ದೂರದ ಪ್ರಯಾಣ ಹೊರಟವರು ಎಪಾಕ್ಸಿ ಹಚ್ಚಿದ ಮುಚ್ಚಳ ನಂಬಿಕೊಂಡು ಹೋಗುವುದು ನನಗೇ ಅಷ್ಟು ಇಷ್ಟ ಇಲ್ಲ. ಘಾಟಿ ಇಳಿಯುವ ಮೊದಲು ನಾನು ಈಗಲೂ ಒಮ್ಮೆ ಬಾನೆಟ್ ತೆಗೆದು ಮುಚ್ಚಳ ಒತ್ತಿ ನೋಡುತ್ತೇನೆ.

ಬಿಎಂಡಬ್ಲ್ಯೂ ಎನ್20 ಎಂಜಿನ್ ಇರುವ 320ಐ, 328ಐ ಇಟ್ಟುಕೊಂಡವರ ಲೆಕ್ಕ ಮಾತ್ರ ಬೇರೆ. ಅದರಲ್ಲಿ ಪಿಸಿವಿ ಬೇರೆ ಡಬ್ಬ ಅಲ್ಲ, ಹೆಡ್ ಕವರ್ ಜೊತೆಗೇ ಸೇರಿಕೊಂಡಿದೆ. ರಬ್ಬರ್ ಹರಿದರೆ ಇಡೀ ಹೆಡ್ ಕವರ್ ಬದಲಾಯಿಸಿ ಅನ್ನುತ್ತಾರೆ. ಅಂಥ ಕಡೆ ಡಯಾಫ್ರಂ ಕಿಟ್ ಹಾಕಿ ನೋಡುವುದರಲ್ಲಿ ಅರ್ಥ ಇದೆ. ಕವರ್ ಬಿರುಕು ಬಿಟ್ಟಿದೆಯಾ, ಅದರ ಗ್ಯಾಸ್ಕೆಟ್‌ನಿಂದ ಆಯಿಲ್ ಒಸರುತ್ತಿದೆಯಾ ಅಂತ ಮೊದಲು ಟಾರ್ಚ್ ಹಿಡಿದು ನೋಡಿ. ಒಸರುತ್ತಿದ್ದರೆ ಹೇಗೂ ಕವರ್ ಬಿಚ್ಚಲೇಬೇಕು, ಆಗ ಹೊಸದನ್ನೇ ಹಾಕಿಸಿಬಿಡಿ.